ನೋಡಬೇಕಾದ ಸ್ಥಳ: ಏನೂ ಇಲ್ಲ

ಬ್ಯಾಂಕಾಕಿನ ಕೈಮಗ್ಗ ಮೇಳಕ್ಕೆ ಹೊರಟಿದ್ದ ಕಾಶೀಂಬಿ ಮತ್ತು ಸಕ್ಕೂಬಾಯಿ ಅಲ್ಲಿ ಎಲ್ಲಿ ಇಳಿದುಕೊಳ್ಳಬೇಕು, ಏನೇನು ನೋಡಬೇಕು ಎಂಬುದನ್ನು ನೇಕಾರರ ಸಂಘದ ಅಧ್ಯಕ್ಷ ಮಲ್ಲೇಶಪ್ಪ ಆ ಇಬ್ಬರನ್ನೂ ಕೇಳದೆ ತಾನೇ ಬರೆದ. ಇಳಿಯುವ ಜಾಗ ಎಂಬಲ್ಲಿ 'ಮೇಳದ ಕಟ್ಟಡದ ಮೇಲಿನ ಸಾಮಾನಿನ ಕೋಣೆ, ಚಾಪೆ ಸಾಕು' ಎಂದು ತುಂಬಿದ. ನೋಡಬೇಕಾದ ಸ್ಥಳ ಎಂಬಲ್ಲಿ 'ಏನೂ ಇಲ್ಲ' ಎಂದು ತುಂಬಿದ.

ಸಂಘದ ಕಾರಕೂನ ದುರಗೇಶ ಆ ಕಾಗದ ಹಿಡಿದು ಗಜೇಂದ್ರಗಡದ ನೇಕಾರರ ಓಣಿಗೆ ಬಂದಾಗ ಇಬ್ಬರೂ ಕಾಶೀಂಬಿಯ ಮನೆಯ ಮಗ್ಗದ ಮುಂದೆ ಎದುರುಬದುರು ಕೂತು ಕೊಂಡಿ ಹಾಕುತ್ತಿದ್ದರು. ಸೀರೆಯ ಮೈಗೆ ಉದ್ದೆಳೆಗಳ ಬೇರೆ ಹಾಸು, ಸೆರಗಿಗೆ ಬೇರೆ ಹಾಸು. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುವುದೇ ಕೊಂಡಿ. ಒಬ್ಬಾಕೆ ಸೆರಗಿನ ಎಳೆಯನ್ನು ಕುಣಿಕೆ ಮಾಡಿ ಚಾಚಬೇಕು, ಇನ್ನೊಬ್ಬಾಕೆ ಮೈಯ ಎಳೆಯನ್ನು ಅದರೊಳಗೆ ತೂರಿಸಿ ಹೊಸೆಯಬೇಕು. ಎಂಥ ಜಾಣೆಯಾದರೂ ಒಬ್ಬಳೇ ಮಾಡಲಾರಳು. ಇವರಿಬ್ಬರು ಹದಿನೆಂಟು ವರ್ಷದಿಂದ ಒಬ್ಬರ ಬೆರಳನ್ನು ಒಬ್ಬರು ನೋಡುತ್ತ ಕೂತವರು. ಬಾಯಿ ಜಗಳವಾಡಿದ ದಿನವೂ ಕೈ ಜಗಳವಾಡಿರಲಿಲ್ಲ. ಎಳೆ ಸೊಟ್ಟಗಿದ್ದರೆ ಸಕ್ಕೂಬಾಯಿ ಮಾತಾಡುತ್ತಿರಲಿಲ್ಲ, ಕಿರುಬೆರಳು ಎತ್ತುತ್ತಿದ್ದಳು. ಆ ಬೆರಳು ಎದ್ದಿತೆಂದರೆ ಎಳೆ ವಾಪಸ್ಸು.

"ಚಿಗವ್ವಾ, ಇಬ್ಬರೂ ಇಲ್ಲೊಂದೊಂದು ಸಹಿ ಒಗೀರಿ. ಮಧ್ಯಾಹ್ನದೊಳಗ ಕಳಸಬೇಕಂತ" ಎಂದ ದುರಗೇಶ.

"ಏನೈತೋ ಅದರಾಗ?" ಎಂದಳು ಕಾಶೀಂಬಿ.

"ಎಲ್ಲಾ ಅಧ್ಯಕ್ಷರ ಬರದಾರ. ನೀವು ಸಹಿ ಮಾಡಿದ್ರ ಮುಗೀತು."

ರೋಣದ ಕಾಲೇಜಿನಲ್ಲಿ ಓದುತ್ತಿದ್ದ ಕಾಶೀಂಬಿಯ ತಂಗಿಯ ಮಗಳು ಇಷ್ರತ ಅಂದು ಮನೆಯಲ್ಲಿದ್ದಳು. ಇಂಗ್ಲಿಷಿನ ಕಾಗದವನ್ನು ಕೈಗೆ ತೆಗೆದುಕೊಂಡು ಓದಿದಳು. ಒಮ್ಮೆ ಓದಿದವಳು ಮತ್ತೊಮ್ಮೆ ಓದಿದಳು. ಆಮೇಲೆ ಕನ್ನಡದಲ್ಲಿ ಹೇಳಿದಳು.

ಮಗ್ಗದ ಮೇಲೆ ಅರ್ಧ ಹೊಸೆದ ಎಳೆ ಹಾಗೇ ಉಳಿಯಿತು.

ಹದಿನೈದು ದಿನದ ಹಿಂದೆ ಮೇಳದವರಿಂದ ಪತ್ರ ಬಂದಿತ್ತು. ಬರುವ ಪ್ರತಿಯೊಬ್ಬ ನೇಕಾರರೂ ಇಳಿಯಲು ಮೂರು ಜಾಗಗಳಲ್ಲಿ ಒಂದನ್ನು, ನೋಡಲು ಎರಡು ಸ್ಥಳಗಳನ್ನು ಆರಿಸಿಕೊಳ್ಳಲಿ, ವ್ಯವಸ್ಥೆ ನಮ್ಮದು ಎಂದು. ಹುಟ್ಟಿದಂದಿನಿಂದ ಇಬ್ಬರನ್ನೂ ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ನರೇಗಲ್ಲಿನ ಸಂತೆಗೆ ಹೋಗುವಾಗಲೂ ಯಾವ ಬಸ್ಸು ಹತ್ತಬೇಕೆಂದು ಗಂಡಸರೇ ಹೇಳುತ್ತಿದ್ದರು. ಮೂರು ದಿನ ಸಂಜೆ ಇಷ್ರತಳ ಮೊಬೈಲಿನ ಸುತ್ತ ಕೂತು ಅವರು ಜಗಳವಾಡಿದ್ದರು.

ನದಿ ದಂಡೆಯ ಹೋಟೆಲ್ಲಿನ ತಾರಸಿಯ ಮೇಲೆ ಈಜುಕೊಳವಿತ್ತು. "ಮಾಳಿಗಿ ಮ್ಯಾಲ ಕೆರಿ ಕಟ್ಟ್ಯಾರಲ್ಲವಾ! ನಮ್ಮಲ್ಲಿ ಕೆರಿಯೊಳಗ ನೀರಿಲ್ಲ" ಎಂದಿದ್ದಳು ಸಕ್ಕೂಬಾಯಿ. ಹಾಸಿಗೆಯ ಚಿತ್ರ ನೋಡಿ, "ಇದರಾಗ ಮಲ್ಕೊಂಡ್ರ ನನ್ನ ಹುಡುಕಾಕ ಇನ್ನೊಬ್ಬಾಕಿನ್ನ ಕಳಸಬೇಕು" ಎಂದಿದ್ದಳು. ಅವಳಿಗೆ ಮನಸ್ಸಾದದ್ದು ಅಲ್ಲಿಯ ಗುಡಿಯೊಂದರಲ್ಲಿ ಮಲಗಿದ ಬುದ್ಧನ ಮೂರ್ತಿಯ ಮೇಲೆ.

"ಎಷ್ಟ ಉದ್ದ ಅದಾನ ಅಂವಾ?"

"ನಲವತ್ತಾರು ಮೀಟರ್ ಅಂತ, ಮೌಶಿ" ಎಂದಿದ್ದಳು ಇಷ್ರತ.

ಸಕ್ಕೂಬಾಯಿ ಬೆರಳು ಮಡಚಿ ಲೆಕ್ಕ ಹಾಕಿ, "ಎಂಟು ಸೀರಿ ಹೊಚ್ಚಿದ್ರೂ ಕಾಲು ಹೊರಗ ಉಳೀತಾವು. ಅಂವನ್ನ ನಾ ನೋಡಾಕಬೇಕು" ಎಂದಿದ್ದಳು.

ಕಾಶೀಂಬಿಗೆ ಹೋಟೆಲ್ಲೂ ಬೇಡವಾಗಿತ್ತು, ಬುದ್ಧನೂ ಬೇಡವಾಗಿದ್ದ. ಪಟ್ಟಿಯ ಕೊನೆಯಲ್ಲಿ ಬಾನ್ ಕ್ರುವಾ ಎಂಬ ಓಣಿಯಿತ್ತು. ಕಾಲುವೆಯ ದಂಡೆ, ಒತ್ತೊತ್ತಾಗಿ ಮನೆ, ಒಂದು ಮಸೀದಿ. ಹಿಂದೆ ಮನೆಮನೆಗೂ ರೇಷ್ಮೆ ಮಗ್ಗವಿದ್ದ ಮುಸಲ್ಮಾನ ನೇಕಾರರ ಓಣಿ, ಈಗ ಬೆರಳೆಣಿಕೆಯ ಮಗ್ಗ ಉಳಿದಿವೆ ಎಂದು ಇಷ್ರತ ಓದಿ ಹೇಳಿದ್ದಳು. ಒಂದು ಚಿತ್ರದಲ್ಲಿ ತಲೆಗೆ ಬಟ್ಟೆ ಕಟ್ಟಿದ ಮುದುಕಿಯೊಬ್ಬಳು ಎರಡೂ ಕೈಯಲ್ಲಿ ಎಳೆ ಜೋಡಿಸುತ್ತ, ಮೂರನೆಯ ಎಳೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು.

ಕಾಶೀಂಬಿ ಮೊಬೈಲನ್ನು ಕಣ್ಣಿನ ಹತ್ತಿರ ತಂದುಕೊಂಡಿದ್ದಳು. ಅವಳದೂ ಅದೇ ಚಾಳಿ. ಎಳೆ ಕಚ್ಚಿ ಕಚ್ಚಿ ಅವಳ ಮುಂದಿನ ಹಲ್ಲಿನಲ್ಲಿ ಸಣ್ಣ ಗೀರು ಬಿದ್ದಿತ್ತು. ಅತ್ತೆ ಬದುಕಿದ್ದ ತನಕ ಅದಕ್ಕೆ ಬೈಯುತ್ತಿದ್ದಳು, ಗಂಡ ಗೌಸುಸಾಬ ಈಗಲೂ ನಗುತ್ತಿದ್ದ.

"ಆಕೀ ಹಲ್ಲಿಗೂ ಗೀರು ಬಿದ್ದೈತೇನು ನೋಡಬೇಕು" ಎಂದಿದ್ದಳು ಕಾಶೀಂಬಿ.

"ಅಷ್ಟು ದೂರ ವಿಮಾನದಾಗ ಹೋಗಿ ಮುದುಕಿ ಹಲ್ಲು ನೋಡ್ತೀಯಾ? ಎತ್ತು ಕೊಳ್ಳಾಕ ಹೋದಂಗ!" ಎಂದಿದ್ದಳು ಸಕ್ಕೂಬಾಯಿ.

"ಹೂಂ. ನೋಡ್ತೀನಿ. ಆ ಓಣಿ ಬಾಜೂಕ ಇಳಿಯಾಕ ಒಂದು ಸಣ್ಣ ಮನಿ ಕೊಟ್ಟಾರಲ್ಲ, ಅದರಾಗ ಇಳೀತೀನಿ. ಮುಂಜಾನೆ ಮಗ್ಗದ ಸಪ್ಪಳ ಕೇಳಿ ಏಳ್ತೀನಿ."

ಇಷ್ರತ ಅದನ್ನೆಲ್ಲ ಚೊಕ್ಕಾಗಿ ಬರೆದು ಸಂಘಕ್ಕೆ ಕೊಟ್ಟು ಬಂದಿದ್ದಳು. ಆ ಬರಹದ ಒಂದು ಅಕ್ಷರವೂ ದುರಗೇಶ ತಂದ ಕಾಗದದಲ್ಲಿ ಇರಲಿಲ್ಲ. ಇಷ್ರತ ಹಾಳೆ ತಿರುವಿದಳು. ಹಿಂದಿನ ಹಾಳೆಯಲ್ಲಿ ಮಲ್ಲೇಶಪ್ಪನದೂ ಅವನ ಮೈದುನ ರಾಯಣ್ಣನದೂ ವಿವರವಿತ್ತು. ಇಬ್ಬರಿಗೂ ನದಿ ದಂಡೆಯ ಹೋಟೆಲ್ಲು. ನೋಡಲು ಎರಡು ಗುಡಿ, ಅದರ ಮೇಲೊಂದು ದೋಣಿ ಸವಾರಿ.

"ರಾಯಣ್ಣಗ ಲಾಳಿ ಯಾವುದು, ಕೋಲು ಯಾವುದು ಗೊತ್ತಿಲ್ಲ. ಅಂವಾ ಯಾಕ ಹೊಂಟಾನ?" ಎಂದಳು ಸಕ್ಕೂಬಾಯಿ.

"ಮಾಳಿಗಿ ಮ್ಯಾಲಿನ ಕೆರಿಯೊಳಗ ಜಳಕ ಮಾಡಾಕ" ಎಂದಳು ಕಾಶೀಂಬಿ. ಎದ್ದು ಸೆರಗು ಬಿಗಿದಳು. "ನಡಿ."

ಮಲ್ಲೇಶಪ್ಪ ಸಂಘದ ಕಚೇರಿಯಲ್ಲಿ ಚಹಾ ಕುಡಿಯುತ್ತಿದ್ದ. ಅವನ ತಲೆಯ ಮೇಲೆ ಗೋಡೆಗೆ ಮೇಳದ ಆಮಂತ್ರಣದ ದೊಡ್ಡ ಚಿತ್ರ ಅಂಟಿಸಿತ್ತು. ಅದರಲ್ಲಿ ನಾಲ್ಕು ಕೈಗಳು, ನಡುವೆ ಕೆಂಪು ಎಳೆ. ಮುಖಗಳನ್ನು ಕತ್ತರಿಸಿದ್ದರು. ಮೊದಲ ದಿನ ಹತ್ತು ಗಂಟೆಗೆ ಜನರ ಕಣ್ಣೆದುರು ಕೊಂಡಿ ಹಾಕಿ ತೋರಿಸಲಾಗುವುದು ಎಂದು ಅದರ ಕೆಳಗೆ ಅಚ್ಚಾಗಿತ್ತು. ಹಾಗೆಂದು ಮೇಳದವರಿಗೆ ದೊಡ್ಡಸ್ತಿಕೆಯಿಂದ ಬರೆದು ಕಳಿಸಿದವನು ಮಲ್ಲೇಶಪ್ಪನೇ.

"ಬರ್ರಿ, ಬರ್ರಿ! ವಿಮಾನ ಏರೂ ಬಾಯಿಯವರು ಬಂದ್ರು."

"ಅಧ್ಯಕ್ಷರ, ನಾವು ಬರದು ಕೊಟ್ಟಿದ್ದು ಎಲ್ಲಿ ಹೋತ್ರಿ?" ಎಂದಳು ಕಾಶೀಂಬಿ.

"ಎಲ್ಲಿ ಹೊಕ್ಕೈತಿ? ನಾನ ಸ್ವಲ್ಪ ಸುಧಾರಿಸೇನಿ. ಪರದೇಶ, ಹೆಣ್ಣಮಕ್ಕಳು. ನಾಳೆ ಏನರ ಹೆಚ್ಚುಕಮ್ಮಿ ಆದ್ರ ಮಂದಿ ನನ್ನ ಕೊಳ್ಳಪಟ್ಟಿ ಹಿಡೀತಾರ. ಅಲ್ಲೇ ಮ್ಯಾಲ ಮಲ್ಕೊಂಡ್ರ ಮುಂಜಾನೆ ಲಗೂ ಮಗ್ಗಕ್ಕ ಇಳೀಬಹುದು."

"ಹಂಗಾರ ನೀವೂ ಅಲ್ಲೇ ಮಲ್ಕೋರಿ. ಲಗೂ ಎದ್ದು ನಮಗ ಚಾ ಕಾಸಿ ಕೊಡ್ರಿ."

ಬಾಗಿಲಲ್ಲಿ ನಿಂತಿದ್ದ ದುರಗೇಶ ನಗು ತಡೆಯಲು ಕೆಮ್ಮಿದ. ಮಲ್ಲೇಶಪ್ಪ ಕಪ್ಪು ಕೆಳಗಿಟ್ಟ.

"ನೋಡ ಕಾಶೀಂಬಿ, ಅಲ್ಲಿತನಕ ಹೋಗಿ ಸಾಬರ ಓಣಿ ಏನು ನೋಡ್ತಿ? ಇಲ್ಲೇ ಐತಲ್ಲ, ದಿನಾ ನೋಡ್ತೀಯಲ್ಲ!"

"ಇಲ್ಲೇ ಕಾಲಕಾಲೇಶ್ವರ ಅದಾನ್ರಿ. ನೀವು ಯಾಕ ಅಲ್ಲಿ ಎರಡೆರಡು ಗುಡಿ ಬರಕೊಂಡೀರಿ?"

ಮಲ್ಲೇಶಪ್ಪನ ಕಿವಿ ಕೆಂಪಾಯಿತು. "ಜಾಸ್ತಿ ಆತು. ಸಹಿ ಮಾಡಾಕ ಒಲ್ಲೆ ಅಂದ್ರ ಬಿಡ್ರಿ. ನಾಜಮೀನ ಅದಾಳ, ಭಾಗ್ಯಾ ಅದಾಳ. ಅವರನ್ನ ಕರಕೊಂಡು ಹೊಕ್ಕೀನಿ."

"ಕರಕೊಂಡು ಹೋಗ್ರಿ. ಅವರಿಗೆ ನೇಯಾಕ ಚಲೋ ಬರ್ತೈತಿ. ಕೊಂಡಿ ಕಲಿಯಾಕ ಹತ್ತಿ ಮೂರು ತಿಂಗಳಾತು." ಕಾಶೀಂಬಿ ಗೋಡೆಯ ಚಿತ್ರದತ್ತ ಬೆರಳು ಮಾಡಿದಳು. "ಹತ್ತು ಗಂಟೆಗೆ ಮಂದಿ ಬಂದು ನಿಂತಿರತಾರ. ಎಳಿ ಹರದ್ರ ನೀವು ಹೊಸೀತೀರೇನು?"

ಮಲ್ಲೇಶಪ್ಪ ಚಿತ್ರ ನೋಡಿದ. ಆ ಚಿತ್ರವನ್ನು ಅವನು ತಿಂಗಳಿಂದ ಬಂದವರಿಗೆಲ್ಲ ತೋರಿಸಿದ್ದ. ಅದರಲ್ಲಿರುವುದು ಯಾರ ಕೈ ಎಂದು ಮಾತ್ರ ನೋಡಿದ್ದಿಲ್ಲ. ಜೇಬಿನಿಂದ ಪೆನ್ನು ತೆಗೆದು ಸಕ್ಕೂಬಾಯಿಯ ಕಡೆ ಚಾಚಿದ. ದನಿ ಬೆಣ್ಣೆಯಾಯಿತು.

"ಸಕ್ಕೂಬಾಯಿ, ನೀ ಶಾಣ್ಯಾಕಿ. ಈಕಿ ಮಾತು ಕಟಗೊಂಡು ಕೆಡಬ್ಯಾಡ. ನಿನಗ ಹೋಟೆಲ್ಲಿನಾಗ ಖೋಲಿ ಮಾಡಸ್ತೀನಿ. ಬುದ್ಧನ್ನೂ ತೋರಸ್ತೀನಿ. ಈಕಿ ಕಾಗದ ಇದ್ದಂಗ ಇರ್ಲಿ. ನೀ ಮೊದಲ ಸಹಿ ಮಾಡು, ಆಮ್ಯಾಲೆ ಈಕೀನೂ ದಾರಿಗೆ ಬರತಾಳ. ಎಷ್ಟಂದ್ರೂ ನೀ ನಮ್ಮ ಪೈಕಿ."

ಸಕ್ಕೂಬಾಯಿ ಪೆನ್ನು ತೆಗೆದುಕೊಂಡಳು.

ಆ ಮಲಗಿದ ದೇವರ ಬಗ್ಗೆ ಸಕ್ಕೂಬಾಯಿ ಸೊಸೆಯಂದಿರಿಗೆ, ಬೀಗರಿಗೆ, ನೀರಿನ ಪಾಳಿಯಲ್ಲಿ ನಿಂತವರಿಗೆ ಹೇಳಿಕೊಂಡು ತಿರುಗಿದ್ದನ್ನು ಕಾಶೀಂಬಿ ಬಲ್ಲಳು. ಸಹಿ ಮಾಡಿಕೊಳ್ಳಲಿ ಬಿಡು ಎಂದುಕೊಳ್ಳಲು ನೋಡಿದಳು; ಆಗಲಿಲ್ಲ. ಸಕ್ಕೂಬಾಯಿಯ ಮುಖ ನೋಡುವ ಧೈರ್ಯವಿಲ್ಲದೆ ರೂಢಿಯಂತೆ ಅವಳ ಕೈ ನೋಡಿದಳು.

ಪೆನ್ನು ಹಿಡಿದ ಕೈಯ ಕಿರುಬೆರಳು ಮೇಲೆದ್ದಿತ್ತು.

"ಅಂವನ್ನ ನೋಡೂ ಆಸೆ ನನಗ ಭಾಳ ಐತ್ರಿ, ಅಧ್ಯಕ್ಷರ" ಎಂದಳು ಸಕ್ಕೂಬಾಯಿ. "ಆದ್ರ ನಾ ಹೋಟೆಲ್ಲಿನಾಗ, ಈಕಿ ಚಾಪಿ ಮ್ಯಾಲ ಮಲಗಿ ಎದ್ದು ಬಂದ್ರ, ಮುಂಜಾನೆ ಎಳಿ ಯಾವ ಮಾರಿಲೆ ಚಾಚಲಿ? ಇಲ್ಲಾ ಕೊಂಡಿ ನಿಮ್ಮ ರಾಯಣ್ಣನ ಕೂಡ ಹಾಕಲೇನು?" ಪೆನ್ನನ್ನು ಮೇಜಿನ ಮೇಲಿಟ್ಟು ಅವನ ಕಡೆ ದೂಡಿದಳು. "ಇಬ್ಬರ ಕಾಗದಾನೂ ಹರೀರಿ."

ಮಲ್ಲೇಶಪ್ಪ ಎದ್ದು ನಿಂತ. "ಕಡೀ ಮಾತು ಹೇಳಾಕ ಹತ್ತೀನಿ. ಸಹಿ ಮಾಡ್ರಿ, ಇಲ್ಲಾ ಹೊರಗ ನಡೀರಿ."

ಕಾಶೀಂಬಿ ಗೋಡೆಗೆ ಒರಗಿಸಿದ್ದ ಎರಡು ಕುರ್ಚಿಗಳನ್ನು ಎಳೆದಳು. ಆ ಕಚೇರಿಯಲ್ಲಿ ಹೆಣ್ಣುಮಕ್ಕಳು ಕುರ್ಚಿಯ ಮೇಲೆ ಕೂತದ್ದನ್ನು ದುರಗೇಶ ಕಂಡಿರಲಿಲ್ಲ. ಒಂದರಲ್ಲಿ ಸಕ್ಕೂಬಾಯಿಯನ್ನು ಕೂಡಿಸಿ, ಇನ್ನೊಂದರಲ್ಲಿ ತಾನು ಕೂತು, ಮಗ್ಗದ ಮುಂದೆ ಕೂತಂತೆ ಕಾಲು ನೀಡಿದಳು.

"ಸಹೀನೂ ಮಾಡೂದಿಲ್ಲ, ಹೊರಗೂ ಹೋಗೂದಿಲ್ಲ" ಎಂದಳು. "ದುರಗೇಶಾ, ಖಾಲಿ ಕಾಗದ ತಾರಪಾ, ನಾವು ಹೇಳಿದ್ದು ಬರಿ. ಮಧ್ಯಾಹ್ನ ಆಗಾಕ ಬಂತು."