ಪುಡಿಯ ಬಲ

ಪೂರ್ವದ ಒಣಗಾಳಿ ಬೀಸಿ ಆಗರಗಳಲ್ಲಿ ಉಪ್ಪು ಹರಳುಗಟ್ಟುವ ಕಾಲ. ಬೆಳಗಿನ ನಮಾಜು ಮುಗಿದಿತ್ತು, ಬಿಸಿಲು ಇನ್ನೂ ಏರಿರಲಿಲ್ಲ. ಹಲಗೆ ಹಿಡಿದು ಉಪ್ಪು ಎಳೆಯುತ್ತಿದ್ದ ರಸ್ಮಾದಿ ಹಾಗೇ ಬದುವಿನ ಮೇಲೆ ಕುಳಿತುಬಿಟ್ಟ. ಎದೆಯ ಮೇಲೆ ಯಾರೋ ಮೂಟೆ ಇಳಿಸಿದ ಹಾಗಾಗುತ್ತಿದೆ ಎಂದ. ಮೈಯೆಲ್ಲ ಬೆವರು. ಮುಟ್ಟಿದರೆ ತಣ್ಣಗಿತ್ತು.

ಅವನ ಹೆಂಡತಿ ಕಸ್ಮಿನಾಗೆ ಇದು ಹೊಸದೇನೂ ಅನ್ನಿಸಲಿಲ್ಲ. ಗಾಳಿ ಮೈಯೊಳಗೆ ಹೊಕ್ಕು ಕೂರುವುದು, ಅದನ್ನು ಕೆರೆದು ತೆಗೆಯುವುದು, ಎಲ್ಲ ಹುಟ್ಟಿದಾಗಿನಿಂದ ಕಂಡದ್ದೇ. ಅವನನ್ನು ಮನೆಗೆ ನಡೆಸಿಕೊಂಡು ಬಂದು ಬೋರಲು ಮಲಗಿಸಿ, ಎಣ್ಣೆ ಸವರಿ, ನಾಣ್ಯದ ಅಂಚಿನಿಂದ ಬೆನ್ನನ್ನು ಪಟ್ಟೆ ಪಟ್ಟೆಯಾಗಿ ಕೆರೆದಳು. ಪಟ್ಟೆಗಳು ಕಪ್ಪಿಗೆ ತಿರುಗುವಷ್ಟು ಕೆಂಪಾದವು. ಇಷ್ಟು ಕೆಂಪಾಯಿತೆಂದರೆ ಇದು ದೊಡ್ಡ ಗಾಳಿಯೇ, ಈಗ ಬಿಟ್ಟುಹೋಗುತ್ತಿದೆ ಎಂದರು ನೆರೆಯವರು. ರಸ್ಮಾದಿಯೂ ಹಗುರಾಯಿತು ಎಂದ. ಮಧ್ಯಾಹ್ನ ವಾಂತಿಯಾಗಿ ತುಟಿ ನೀಲಿಗಟ್ಟಿದ ಮೇಲೆಯೇ ಉಪ್ಪಿನ ಲಾರಿಯಲ್ಲಿ ಅವನನ್ನು ಪೇಟೆಯ ಆಸ್ಪತ್ರೆಗೆ ಸಾಗಿಸಿದ್ದು.

ಡಾಕ್ಟರು ಹಪ್ಸಾರಿ ಎಂಬ ಹೆಣ್ಣುಮಗಳು. ಬೆನ್ನಿನ ಪಟ್ಟೆ ನೋಡಿದಳು, ಬೈಯಲಿಲ್ಲ. ಗುಂಡಿಗೆಗೆ ರಕ್ತ ಕೊಡುವ ನಾಳವೊಂದು ಬೆಳಿಗ್ಗೆಯೇ ಮುಚ್ಚಿಕೊಂಡಿದೆ, ಆಗಲೇ ಬಂದಿದ್ದರೆ ತೆರೆಯಬಹುದಿತ್ತು, ಈಗ ರಕ್ತ ಸಿಗದ ಭಾಗ ಸತ್ತುಹೋಗಿದೆ ಎಂದಳು. ಆಮೇಲೆ ಅವನ ಉಬ್ಬಿದ ದುಂಡು ಮುಖ, ಮುಟ್ಟಿದಲ್ಲೆಲ್ಲ ನೀಲಿಗಟ್ಟುವ ತೆಳು ಚರ್ಮ ನೋಡಿ, ಮೈಕೈ ನೋವಿಗೆ ಏನು ತಗೊಳ್ತೀರಿ ಎಂದು ಕೇಳಿದಳು.

ರಸ್ಮಾದಿಗೆ ತುಸು ಸಿಟ್ಟೇ ಬಂತು. "ಬರೀ ಬೇರು ನಾರಿನ ಪುಡಿ, ಡಾಕ್ಟ್ರಮ್ಮ. ಜಾಮು. ನಮ್ಮಜ್ಜಿ ಕಾಲದ್ದು."

"ನಿಮ್ಮಜ್ಜಿ ಕಾಲದಲ್ಲಿ ಪುಡಿ ಕುಡಿದ ಗಳಿಗೆಗೇ ಮಂಡಿ ನೋವು ಹೋಗ್ತಿತ್ತಾ, ಪಾಕ್?"

ಹಿರಿಯರನ್ನು ಕರೆಯುವಂತೆ ಪಾಕ್ ಎಂದು ಮರ್ಯಾದೆಯಿಂದಲೇ ಕೇಳಿದಳು. ಬೇರಿನ ಜೊತೆ ಸ್ಟೀರಾಯ್ಡ್ ಬೆರೆಸಿದ್ದಾರೆ, ಆ ಬಲವೆಲ್ಲ ಅದರದ್ದು ಎಂದಳು ಡಾಕ್ಟರು. ಆಚೆಗೆ ಬಂದು ಕಸ್ಮಿನಾಗೆ ಮತ್ತೆ ಬಿಡಿಸಿ ಹೇಳಿದಳು. ಸ್ಟೀರಾಯ್ಡ್ ಕೊಟ್ಟರೆ ಪೆಟ್ಟು ತಿಂದ ಗುಂಡಿಗೆಯಲ್ಲಿ ರಕ್ತ ಚೆನ್ನಾಗಿ ಓಡಾಡಬಹುದೆಂದು ಹಿಂದೆ ಕೆಲವು ಡಾಕ್ಟರುಗಳೂ ನಂಬಿದ್ದರಂತೆ. ಆದರೆ ಸತ್ತ ಜಾಗ ಕೂಡಿ ಗಟ್ಟಿಯಾಗಬೇಕಲ್ಲ, ಅದಕ್ಕೆ ಇದು ಅಡ್ಡ. ಗುಂಡಿಗೆಯ ಗೋಡೆ ತೆಳ್ಳಗೇ ಉಳಿದು ಹರಿದುಹೋಗಬಹುದು. ಮೈಗೆ ರೂಢಿಯಾಗಿರುವುದನ್ನು ಒಮ್ಮೆಲೇ ನಿಲ್ಲಿಸಿದರೂ ಅಪಾಯ. ಹಾಗಾಗಿ ತಾನೇ ಅಳೆದು, ದಿನಕ್ಕಿಷ್ಟು ಕಡಿಮೆ ಮಾಡುತ್ತ ಬರುತ್ತೇನೆ, ಮೇಲೆ ಒಂದು ಚಿಟಿಕೆಯೂ ಕೂಡದು ಎಂದಳು.

ಬದುಕುತ್ತಾರಾ ಎಂದು ಕಸ್ಮಿನಾ ಕೇಳಿದಳು. ಈ ವಾರ ದಾಟಲಿ ಎಂದಳು ಡಾಕ್ಟರು. ದಾಟಿದರೂ ಇನ್ನು ಉಪ್ಪು ಎಳೆಯುವ ಮಾತಿಲ್ಲ, ಉಳಿದ ಗುಂಡಿಗೆ ಅರ್ಧಕ್ಕಿಂತ ಕಡಿಮೆ ಎಂದೂ ಸೇರಿಸಿದಳು.

ಎದೆನೋವನ್ನು ಹಲ್ಲುಕಚ್ಚಿ ತಡೆದವನು ಮಂಡಿನೋವಿಗೆ ಸೋತ. ಔಷಧಿ ಇಳಿದಂತೆ ಕೀಲುಗಳೆಲ್ಲ ಬಿಗಿದುಕೊಂಡವು. ಅನ್ನ ಸೇರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ನರಳುವನು, ಕಸ್ಮಿನಾ ಕಾಲು ಒತ್ತಲು ಹೋದರೆ ಬೇಡವೆನ್ನುವನು. ಊರಿನಲ್ಲಿ ಪುಡಿ ಮಾರುವ ಸಾರ್ಪಿ ಬಾಳೆಹಣ್ಣು ಹಿಡಿದು ನೋಡಲು ಬಂದಳು. ಕೆಟ್ಟವಳಲ್ಲ, ತಾನೂ ಅದೇ ಪುಡಿ ಕುಡಿದು ಬುಟ್ಟಿ ಹೊತ್ತು ತಿರುಗುವವಳು. ಸ್ಟೀರಾಯ್ಡಿನ ಮಾತು ಕೇಳಿ, ಹೆಸರು ಕೂಡ ಗೊತ್ತಿಲ್ಲ ಎಂದು ಅಳುಮುಖ ಮಾಡಿದಳು. ಹೋಗುವಾಗ ಮಾತ್ರ ಕಸ್ಮಿನಾಳ ಸೆರಗಿನಲ್ಲಿ ಒಂದಿಷ್ಟು ಪೊಟ್ಟಣ ಇಟ್ಟಳು.

"ಬೇಡ, ಯು," ಎಂದಳು ಕಸ್ಮಿನಾ. ಅಕ್ಕ ಎಂದೇ ಕರೆಯುತ್ತಿದ್ದದ್ದು ಅವಳನ್ನು.

"ಇರ್ಲಿ ಇಟ್ಕೊ. ನಿನ್ ಡಾಕ್ಟ್ರಮ್ಮ ಯಾವತ್ತಾದ್ರೂ ಉಪ್ಪುನೀರಲ್ಲಿ ಮಂಡಿ ನೆನೆಸಿದ್ದಾಳಾ?"

ಅದನ್ನು ಎಸೆಯಬಹುದಿತ್ತು. ಕಸದ ಡಬ್ಬಿಯವರೆಗೆ ಹೋದಳು ಕೂಡ.

ಮಾರನೆಯ ಸಂಜೆ ರಸ್ಮಾದಿ ಅವಳ ಮಣಿಕಟ್ಟು ಹಿಡಿದುಕೊಂಡ. "ನಮಾಜಿಗೆ ಮಂಡಿ ಊರಕ್ಕಾಗ್ತಿಲ್ಲ, ಮಿನಾ. ಒಂದೇ ಪೊಟ್ಟಣ."

"ಗೋಡೆ ಹರಿಯತ್ತಂತೆ, ಕಾಂಗ್." ಗಂಡನನ್ನು ಅವಳು ಕರೆಯುತ್ತಿದ್ದದ್ದು ಹಾಗೇ.

"ನಾನೆಲ್ಲಿ ಗೋಡೆ ಕೇಳ್ದೆ? ಕಾಲು ಕೇಳ್ದೆ."

ಅಷ್ಟು ನೋವಿನಲ್ಲೂ ಅವನು ತಮಾಷೆ ಮಾಡಿದ್ದಕ್ಕೇ ಅವಳ ಕೈ ಸೋತಿತು. ಶುಂಠಿ ಚಹಾದಲ್ಲಿ ಕಲಸಿ ಕೊಟ್ಟಳು. ಬೆಳಿಗ್ಗೆ ಅವನು ಎದ್ದು ಕೂತಿದ್ದ. ಅದನ್ನು ನೋಡಿ ಮತ್ತೂ ಕೊಟ್ಟಳು. ಅನ್ನ, ಹುಳಿಸಿದ ಸೋಯಾಕಾಳಿನ ಹುರಿದ ತೆಂಪೆ ಕೇಳಿ ತಿಂದ. ಸೂಜಿ ಹಾಕಲು ಬಂದ ನರ್ಸನ್ನು, ನಿನ್ನ ಅತ್ತೆಯ ಮೇಲಿನ ಸಿಟ್ಟು ನನ್ನ ಮೇಲೆ ತೀರಿಸ್ತೀಯಾ ಎಂದು ರೇಗಿಸಿದ. ಆಗರದ ಮಾತು ತೆಗೆದ. ಕಸ್ಮಿನಾಗೆ ಮದುವೆಯಾದ ಹೊಸತರ ಗಂಡ ಸಿಕ್ಕಂತಾಯಿತು. ಉಳಿದ ಪೊಟ್ಟಣಗಳನ್ನು ಸೆರಗಿನಲ್ಲಿ ಇನ್ನಷ್ಟು ಒಳಗೆ ಸರಿಸಿದಳು.

ಡಾಕ್ಟರು ಬಂದು ಅವನ ಮುಖ ನೋಡಿದಳು. ಹೊರಗೆ ಕರೆದು ಕೇಳಿದಳು: "ಪುಡಿ ಏನೂ ಕೊಟ್ಟಿಲ್ಲ ತಾನೆ?"

"ಇಲ್ಲ, ಡಾಕ್ಟ್ರಮ್ಮ."

ಹೇಳಿದ್ದರೆ ಅವರು ಏನಾದರೂ ಮಾಡುತ್ತಿದ್ದರೋ ಏನೋ. ಆದರೆ ಪೊಟ್ಟಣ ಕಿತ್ತುಕೊಂಡರೆ ಅವನು ಮತ್ತೆ ಗೋಡೆಯ ಕಡೆ ತಿರುಗುವನಲ್ಲ ಎಂಬುದೊಂದೇ ಅವಳ ತಲೆಯಲ್ಲಿದ್ದದ್ದು.

ಎರಡು ದಿನ ಹಾಗೇ ನಡೆಯಿತು. ಮೂರನೆಯ ದಿನ ಬೆಳಿಗ್ಗೆ ಅವನು ತಾನೇ ಎದ್ದು ಕೈಕಾಲು ತೊಳೆದು ಬಂದ. ಮಂಡಿಯೂರಿ, ಹಣೆ ನೆಲಕ್ಕೆ ಮುಟ್ಟಿಸಿ ನಮಾಜು ಮಾಡಿದ. ಮುಗಿಸಿ ಮಂಚದ ಮೇಲೆ ಕುಳಿತು, "ಮಿನಾ" ಎಂದ. ಚಹಾ ಕೇಳುತ್ತಾನೆಂದು ಅವಳು ತಿರುಗಿದಳು. ಅವನು ಪಕ್ಕಕ್ಕೆ ವಾಲಿದ್ದ.

ಗುಂಡಿಗೆಯ ಗೋಡೆ ಹರಿಯಿತು ಎಂದಳು ಡಾಕ್ಟರು. ಇಂಥ ಪೆಟ್ಟು ಬಿದ್ದ ಗುಂಡಿಗೆ ಯಾವ ಪುಡಿಯೂ ಇಲ್ಲದೆ ಹರಿಯುವುದುಂಟು, ಯಾರ ತಪ್ಪೂ ಅಲ್ಲಮ್ಮ ಎಂದು ಭುಜ ಮುಟ್ಟಿದಳು. ಕಸ್ಮಿನಾ ತಲೆಯಾಡಿಸಿದಳು. ಆ ಸಮಾಧಾನ ತನಗೆ ಸಲ್ಲುವುದಲ್ಲವೆಂದು ಅವಳಿಗೆ ಗೊತ್ತಿತ್ತು. ಪುಡಿ ಕೊಟ್ಟದ್ದನ್ನು ಹೇಳಿ ಅದನ್ನು ಮರಳಿಸಲು ಮಾತ್ರ ಬಾಯಿ ಬರಲಿಲ್ಲ, ಆವತ್ತೂ, ಆಮೇಲೂ.

ರಸ್ಮಾದಿ ಹೋದದ್ದು ಗುರುವಾರ, ಐದು ದಿನಕ್ಕೊಮ್ಮೆ ಸುತ್ತಿ ಬರುವ ಸಂತೆಯ ಲೆಕ್ಕದಲ್ಲಿ ವಾಗೆಯ ದಿನ. ಎರಡೂ ಕೂಡುವ ದಿನ ಮೂವತ್ತೈದು ದಿನಕ್ಕೊಮ್ಮೆ ಮರಳಿ ಬರುತ್ತದೆ.