ಹನ್ನೊಂದು ಸುರುಳಿಗಳು

ಕಿಟಕಿಗೆ ಕಟ್ಟಿದ ಕಪ್ಪು ಬಟ್ಟೆಯ ಸಂದಿಯಿಂದ ಮಳವಳ್ಳಿಯ ಬಿಸಿಲು ನುಗ್ಗಿ ಪರದೆಯ ಮೂಲೆ ಬೆಳ್ಳಗಾಗಿತ್ತು, ಆದರೂ ಗ್ರಾಫು ಕಂಡಿತು, ಅವಳದೇ ಗ್ರಾಫು, ಈ ಕಾಲೇಜಿನ ಅತಿಥಿ ಉಪನ್ಯಾಸಕಿ ರಂಜಿತ ಎರಡು ವರ್ಷ ಕಣ್ಣು ನೋಯಿಸಿಕೊಂಡು ಎಳೆದ ಗೆರೆ — ಸುರುಳಿ ಗ್ಯಾಲಕ್ಸಿಗಳು ವರ್ಷಕ್ಕೆಷ್ಟು ನಕ್ಷತ್ರ ಹುಟ್ಟಿಸುತ್ತವೆ ಎಂಬ ಗೆರೆ — ಕೆಳಗೆ ಹೇಮಂತನ ಹೆಸರು, ಅವನೊಬ್ಬನದೇ. ಮೈಸೂರಿನಲ್ಲಿ ಜೊತೆಗೇ ಸಂಶೋಧನೆಗೆ ಸೇರಿದವನು, ಆರು ವರ್ಷದ ಹಿಂದೆ ಅಮ್ಮ ಹಾಸಿಗೆ ಹಿಡಿದಳೆಂದು ಇವಳು ಸಂಶೋಧನೆ ಬಿಟ್ಟು ಹೊರಟ ದಿನ ಪೆನ್‌ಡ್ರೈವ್ ಕೊಟ್ಟೋಗು ಕಣೇ, ಜೋಪಾನವಾಗಿರ್ತದೆ ಅಂದವನು, ಈಗ ಮಂಡ್ಯದಲ್ಲಿ ಪ್ರೊಫೆಸರು, ಇವತ್ತಿನ ಮುಖ್ಯ ಅತಿಥಿ, ಥೂ, ಅವನ ತಲೆಗೆ ಮೈಸೂರು ಪೇಟ ತಂದವಳೂ ಇವಳೇ. ಆಕಾಸ ನೋಡ್ಕಂಡು ಕುಂತ್ರೆ ಯಾರವ್ವ ಸಂಬ್ಳ ಕೊಡ್ತರೆ, ಅಮ್ಮ ಕೇಳುತ್ತಿದ್ದಳು, ಕೊಡ್ತಾರಮ್ಮ, ಕದ್ದವನಿಗೆ ಕೊಡ್ತಾರೆ. ಈ ಹನ್ನೊಂದು ಸುರುಳಿಗಳನ್ನು ನೋಡಿ, ಅನಿಲ ತುಂಬಿದ್ದರೂ ನಕ್ಷತ್ರ ಹುಟ್ಟುತ್ತಿಲ್ಲ, ಇದು ನನ್ನ ಹೊಸ ಶೋಧ, ಎನ್ನುತ್ತಾನೆ ವೇದಿಕೆಯ ಮೇಲಿನ ಹೇಮಂತ, ನನ್ನ ಎನ್ನುವಾಗ ನಾಲಗೆ ತಡವರಿಸುವುದೂ ಇಲ್ಲ — ಹನ್ನೊಂದು, ಅವಳಿಗೆ ನೆನಪಾಯಿತು, ಅವು ತಟ್ಟೆಯನ್ನು ಪಕ್ಕದಿಂದ ನೋಡಿದ ಹಾಗೆ ಅಂಚಿನ ಕಡೆಯಿಂದ ಕಾಣುವ ಸುರುಳಿಗಳು, ಅವುಗಳದೇ ಧೂಳು ಎಳೆಯ ನಕ್ಷತ್ರಗಳ ಬೆಳಕನ್ನು ನುಂಗಿಬಿಡುತ್ತದೆ, ನುಂಗಿದ್ದನ್ನೂ ಸೇರಿಸಿಕೊಳ್ಳಬೇಕಿತ್ತು, ಅವಳು ಮರೆತಿದ್ದಳು, ಹೊಳೆದದ್ದು ಎಷ್ಟೋ ದಿನದ ಮೇಲೆ, ಆತಗೂರು ಬಸ್ಸಿನಲ್ಲಿ, ಧೂಳು ಮೆತ್ತಿದ ಗಾಜಿನಾಚೆ ಗದ್ದೆಯೇ ಕಾಣದಿದ್ದಾಗ. ಕದ್ದವನು ತಪ್ಪನ್ನೂ ಕದ್ದಿದ್ದಾನೆ, ಆರು ವರ್ಷ, ಒಂದು ಸಲವೂ ಲೆಕ್ಕ ತೆರೆದು ನೋಡಿಲ್ಲ ಕತ್ತೆ. ಸುಮ್ಮನಿದ್ದರೆ ಅವನು ಗೆದ್ದ, ಎದ್ದರೆ ಅವಳ ಗೆರೆಯೇ ಸಾಯುತ್ತದೆ, ಸಾಯಲಿ, ಅವನ ಕೈಯಲ್ಲೇ ಸಾಯಲಿ, ಎದ್ದೇಬಿಟ್ಟಳು. ಸರ್, ಈ ಹನ್ನೊಂದಕ್ಕೆ ಧೂಳಿನ ತಿದ್ದುಪಡಿ ಮಾಡಿದ್ದೀರಾ. ಮೇಡಂ ಕೂತ್ಕಳಿ, ಪ್ರಶ್ನೆ ಆಮೇಲೆ, ಪ್ರಾಂಶುಪಾಲ ಪುಟ್ಟರಾಜು ಪಕ್ಕದಿಂದ ಗದರಿದರು, ಕೂರಲ್ಲ, ಹೇಳಲಿ. ಹೇಮಂತ ಪರದೆ ನೋಡಿದ, ಮತ್ತೆ ನೋಡಿದ, ಗೊತ್ತಾಯಿತು ನನ್ಮಗನಿಗೆ, ಗೊತ್ತಾಯಿತು — ಆಮೇಲೆ ನಕ್ಕ. ಒಳ್ಳೇ ಪ್ರಶ್ನೆ, ಈ ಭಾಗ ನಾನು ಮಾಡಿದ್ದಲ್ಲ, ಆಗ ನನ್ನ ಜೊತೆಗಿದ್ದ ಈ ರಂಜಿತ ಮೇಡಮ್ಮೇ ಮಾಡಿದ್ದು, ತಪ್ಪು ಅವರದು. ಆರು ವರ್ಷಕ್ಕೆ ಮೊದಲ ಸಲ ಅವನ ಬಾಯಲ್ಲಿ ಅವಳ ಹೆಸರು, ಇದಕ್ಕೆ, ಇದೊಂದಕ್ಕೆ, ಇಡೀ ಸಭಾಂಗಣ ತಿರುಗಿತು, ಹುಡುಗಿಯರು ಕಿಸಕ್ಕೆಂದರು, ಅವನ ಕೈಯ ಪಾಯಿಂಟರಿನ ಕೆಂಪು ಚುಕ್ಕೆ ಪರದೆಯಿಂದ ಜಾರಿ, ಬೆಂಚುಗಳನ್ನು ಹಾದು, ಅವಳ ಎದೆಯ ಮೇಲೆ ಬಂದು ನಿಂತಿತು, ಅಂಗೈಯಿಂದ ಒರೆಸಿದಳು, ಅಂಗೈಗೆ ಬಂತು, ಕೈ ತೆಗೆದಳು, ಸೆರಗಿನ ಮೇಲೆ, ಸಣ್ಣಗೆ ನಡುಗುತ್ತ, ಕೆಂಪು ಚುಕ್ಕೆ, ಇನ್ನೂ ಅಲ್ಲೇ, ಕೆಂಪು