ಟರ್ಬೊ ಕಿತ್ತ ಗಾಡಿ

ಘಾಟ್ಕೋಪರಿನ ಆ ಬಿಲ್ಡಿಂಗಿನಲ್ಲಿ ತನ್ನದೇ ಅಂತ ಒಂದು ಕಾರು ಇದ್ದ ಹೆಂಗಸು ಕೌಸಲ್ಯಾ ಒಬ್ಬಳೇ. ಸಿಂಗಪುರದಲ್ಲಿ ಹಡಗು ಕಂಪನಿಯ ನೌಕರಿಯಲ್ಲಿದ್ದ ಅವಳ ಅಣ್ಣ ಸೀತಾರಾಮ ೧೯೮೮ರಲ್ಲಿ ಮರಳಿ ಬರುವಾಗ ಜಪಾನಿನ ಒಂದು ಪುಟ್ಟ ಕಾರನ್ನೂ ತಂದಿದ್ದ. ಬೂದು ಬಣ್ಣ, ಪಕ್ಕಕ್ಕೊಂದರಂತೆ ಎರಡೇ ಬಾಗಿಲು, ಹಿಂದೆ ಗಾಜಿನ ಸಮೇತ ಮೇಲಕ್ಕೆತ್ತುವ ಇನ್ನೊಂದು. ನೋಡುವುದಕ್ಕೆ ಏನೂ ವಿಶೇಷವಿಲ್ಲ. ಆದರೆ ಬಾನೆಟ್ಟಿನೊಳಗೆ, ಎಂಜಿನ್ನಿಗೆ ಹೆಚ್ಚು ಗಾಳಿ ಊದಿ ಬಲ ಕೊಡುವ ಟರ್ಬೊ ಇತ್ತು. ಕಾಲೊತ್ತಿದರೆ ಒಂದು ಗಳಿಗೆ ಯೋಚನೆ ಮಾಡುವಂತೆ ಸುಮ್ಮನಿದ್ದು, ಆಮೇಲೆ ಸಣ್ಣಗೆ ಸಿಳ್ಳೆ ಹಾಕುತ್ತ ಬೆನ್ನನ್ನು ಸೀಟಿಗೆ ಅಪ್ಪಳಿಸಿಬಿಡುತ್ತಿತ್ತು.

ಬಂದ ವರ್ಷದಲ್ಲೇ ಸೀತಾರಾಮನ ಕಣ್ಣಿಗೆ ತೊಂದರೆಯಾಗಿ, ಡಾಕ್ಟರು ಇನ್ನು ಗಾಡಿ ಓಡಿಸಬೇಡಿ ಅಂದುಬಿಟ್ಟರು. ಮೈಸೂರಿಗೆ ಹೊರಟವನು ಕೀಲಿಯನ್ನು ತಂಗಿಯ ಕೈಯಲ್ಲಿಟ್ಟು, "ಚಿಕ್ಕವಳಿದ್ದಾಗ ನನ್ನ ಸೈಕಲ್ ಕದ್ದು ಓಡಿಸ್ತಿದ್ದೆಯಲ್ಲ, ಇದನ್ನ ಕದಿಯೋ ಕಷ್ಟ ಬೇಡ, ತಗೋ" ಅಂದ.

ಕೌಸಲ್ಯಾಳ ಗಂಡ ಸತ್ಯಮೂರ್ತಿ ಕಾಂದಿವಲಿಯ ಕಾರ್ಖಾನೆಯೊಂದರಲ್ಲಿ ಆಫೀಸರು. ಮೃದು ಮಾತಿನ ಮನುಷ್ಯ. ಮನೆಯಲ್ಲಿ ಎತ್ತಿದ ದನಿ ಕೇಳಿಸಿದ್ದಿಲ್ಲ. ಅವನಿಗೂ ಡ್ರೈವಿಂಗ್ ಬರುತ್ತಿತ್ತು, ಆದರೆ ಗೇರು ಹಾಕುವಾಗಲೆಲ್ಲ ಗಾಡಿ ಗೋಣು ಆಡಿಸುತ್ತಿತ್ತು. ಕೌಸಲ್ಯಾ ಕೂತರೆ ಅದೇ ಗಾಡಿ ನೀರಿನಂತೆ ಹರಿಯುತ್ತಿತ್ತು.

ಟರ್ಬೊ ಗಾಡಿ ಮುಟ್ಟುವ ಧೈರ್ಯ ಆಗ ಮುಂಬಯಿಯ ಎಷ್ಟೋ ಗ್ಯಾರೇಜಿನವರಿಗೆ ಇರಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಆಂಟಾಪ್ ಹಿಲ್‌ನಲ್ಲಿ ಸಿಕ್ಕವನು ವಿಜಾಪುರದ ಕಡೆಯ ಸಾಯಬಣ್ಣ. ಬಂದರಿನಲ್ಲಿ ದೊಡ್ಡ ಡೀಸೆಲ್ ಎಂಜಿನ್‌ಗಳ ಟರ್ಬೊ ಬಿಚ್ಚಿ ಜೋಡಿಸಿದ್ದವನು. ಪೆಟ್ರೋಲಿನದು ಅವನಿಗೂ ಹೊಸದು. ಅದನ್ನವನು ಮುಚ್ಚಿಡಲಿಲ್ಲ. "ಬಾಯಾರ, ಪುಸ್ತಕ ಇಂಗ್ಲಿಷ್‌ನ್ಯಾಗ ಅದ. ನೀವು ಓದಿ ಹೇಳ್ರಿ, ನಾ ಕೈ ಆಡಸ್ತೀನಿ" ಅಂದ. ಹಾಗೇ ನಡೆಯಿತು. ಅವಳು ಸ್ಟೂಲಿನ ಮೇಲೆ ಕೂತು ಓದುವಳು, ಅವನು ನೆಲದಲ್ಲಿ ಅಂಗಾತ ಮಲಗಿ ಹೂಂಗುಟ್ಟುವನು. ಅವನ ಹೆಂಡತಿ ಲಕ್ಷ್ಮವ್ವ ಚಹಾ ತಂದು, "ಇದೇನ ಸಾಲಿ ನಡಸೀರಿ ಇಬ್ಬರೂ" ಎಂದು ನಗುವಳು. ಆಯಿಲ್ ಬದಲಿಸುವುದು, ಗಾಳಿಯ ಪೈಪಿನ ಸೀಳು ಹುಡುಕುವುದು, ಪ್ಲಗ್ಗಿನ ಬಣ್ಣ ನೋಡಿ ಎಂಜಿನ್ನಿನ ಹೊಟ್ಟೆ ತಿಳಿಯುವುದು, ಎಲ್ಲವನ್ನೂ ಕೌಸಲ್ಯಾ ಅಲ್ಲೇ ಕಲಿತಳು.

ಸಾಯಬಣ್ಣ ಒಂದು ಮಾತನ್ನು ಮಾತ್ರ ಗಂಡಹೆಂಡಿರಿಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದ್ದ. "ಜೋರ್ ಓಡಿಸಿ ಬಂದ ಕೂಡ್ಲೇ ಬಂದ್ ಮಾಡಬ್ಯಾಡ್ರಿ. ಸ್ವಲ್ಪ ಹೊತ್ತು ಹಂಗ ಚಾಲೂ ಬಿಡ್ರಿ. ಒಳಗ ಟರ್ಬೊ ನಿಗಿನಿಗಿ ಕಾದಿರ್ತದ. ಒಮ್ಮಿಗೇ ಬಂದ್ ಮಾಡಿದ್ರ ಎಣ್ಣಿ ಅಲ್ಲೇ ನಿಂತು ಸುಟ್ಟು ಕರಕಲಾಗ್ತದ."

ಸತ್ಯಮೂರ್ತಿ ತಲೆಯಾಡಿಸಿದ್ದ.

ಮರುವರ್ಷ ಚಳಿಗಾಲದಲ್ಲಿ ಕಾರ್ಖಾನೆಯವರು ಲೋಣಾವಳಕ್ಕೆ ಪಿಕ್‌ನಿಕ್ ಹೋದರು. ಘಾಟಿನಲ್ಲಿ ಕೌಸಲ್ಯಾ ದೊಡ್ಡ ಸಾಹೇಬರ ಕಾರನ್ನೂ ಹಿಂದೆ ಹಾಕಿ ಮೊದಲು ಮೇಲೆ ಮುಟ್ಟಿದಳು. ಊಟದ ಹೊತ್ತಿಗೆ ಯಾರೋ ಎಲ್ಲರೆದುರು, "ಮೂರ್ತಿ, ನಿನ್ನ ಕೆಲಸ ಏನಪ್ಪಾ, ತೊಡೆ ಮೇಲೆ ಟಿಫಿನ್ ಡಬ್ಬಿ ಹಿಡ್ಕೊಳ್ಳೋದಾ?" ಎಂದರು. ಎಲ್ಲರೂ ನಕ್ಕರು. ಸತ್ಯಮೂರ್ತಿಯೂ ನಕ್ಕ. ಆವತ್ತಿನಿಂದ ಅವನು ವಾರಕ್ಕೊಂದೆರಡು ಸಲ, ಪ್ರಾಕ್ಟೀಸ್ ಅಂತ, ಗಾಡಿಯನ್ನು ಒಬ್ಬನೇ ತೆಗೆದುಕೊಂಡು ಹೋಗತೊಡಗಿದ. ಕೌಸಲ್ಯಾಗೆ ಸಂತೋಷವೇ ಆಯಿತು.

ಬೇಸಿಗೆ ಮುಗಿಯುವ ಹೊತ್ತಿಗೆ ಸೈಲೆನ್ಸರಿನಿಂದ ನೀಲಿ ಹೊಗೆ ಶುರುವಾಯಿತು. ಸಿಳ್ಳೆಯ ಜಾಗದಲ್ಲಿ ಕಬ್ಬಿಣ ಕೆರೆಯುವ ಸದ್ದು. ಸಾಯಬಣ್ಣ ಟರ್ಬೊ ಬಿಚ್ಚಿ ನೋಡಿದ. ಎಣ್ಣೆ ಹೋಗುವ ದಾರಿಯ ತುಂಬ ಕಪ್ಪು ಹಕ್ಕಳೆ ಕಟ್ಟಿತ್ತು, ಬೇರಿಂಗ್ ಸವೆದು ಅದರ ನಡುವಿನ ಕಡ್ಡಿ ಅಲ್ಲಾಡುತ್ತಿತ್ತು.

"ಬಾಯಾರ," ಎಂದ ಅವನು ಮೆಲ್ಲಗೆ, "ಕಾದದ್ದನ್ನ ಹಂಗೇ ಬಂದ್ ಮಾಡ್ಯಾರ. ನೀವು ಮಾಡೂದಿಲ್ಲ, ನನಗ ಗೊತ್ತು. ಸಾಹೇಬ್ರು ಏನರ…"

"ಅವರಿಗೂ ನೀವೇ ಹೇಳಿದ್ದೀರಲ್ಲ" ಎಂದಳು ಕೌಸಲ್ಯಾ. ಅವನ ಮಾತು ಅವಳಿಗೆ ಚುಚ್ಚಿತು.

ಮನೆಗೆ ಬಂದು ಗಂಡನನ್ನು ಕೇಳಿದಳು. ಅವನು ಪೇಪರಿನಿಂದ ತಲೆಯೆತ್ತದೆ, "ನಾನು ಯಾವಾಗಲೂ ಚಾಲೂ ಬಿಟ್ಟೇ ನಿಲ್ಲಿಸೋದು. ನಿನ್ನ ಮಿಸ್ತ್ರಿ ಹಳೇ ಎಣ್ಣೆ ಸೋಸಿ ಹಾಕಿರಬೇಕು. ಕಪ್ಪಗೆ ಹಕ್ಕಳೆ ಕಟ್ಟೋದು ಇನ್ನು ಹೇಗೆ?" ಎಂದ.

ತಾನಲ್ಲ, ಗಂಡನಲ್ಲ. ಉಳಿದವನು ಒಬ್ಬನೇ. ಅಣ್ಣ ಕೊಟ್ಟ ಗಾಡಿ ಹಾಳಾದ ಸಂಕಟಕ್ಕೆ ಒಂದು ಮುಖ ಬೇಕಿತ್ತು, ಸಿಕ್ಕಿತು. ಮಾರನೆಯ ದಿನ ಗ್ಯಾರೇಜಿನ ಮುಂದೆ, ಟ್ಯಾಕ್ಸಿಯವರೆಲ್ಲ ನಿಂತು ನೋಡುತ್ತಿರುವಾಗ, ಕೌಸಲ್ಯಾ ಕೂಗಾಡಿದಳು. "ನಂಬಿದ್ದಕ್ಕೆ ಒಳ್ಳೇ ಮಾಡಿದೆ ನೀನು! ಹೊಸದರ ದುಡ್ಡು ತಗೊಂಡು ಹಳೇ ಎಣ್ಣೆ ಹಾಕಿ ನನ್ನ ಗಂಡನ ಮೇಲೆ ಹೇಳ್ತೀಯಾ? ಕಳ್ಳ!" ಅಲ್ಲಿಯವರೆಗೆ ಅವನನ್ನು ಒಂದು ದಿನವೂ ಏಕವಚನದಲ್ಲಿ ಕರೆದವಳಲ್ಲ. ಸಾಯಬಣ್ಣ ಕೈಯಲ್ಲಿದ್ದ ಬಟ್ಟೆಯನ್ನು ಮಡಚುತ್ತ ನಿಂತ; ಒಂದೂ ಮಾತಾಡಲಿಲ್ಲ. ಆ ಮೌನವನ್ನೇ ಅವಳು ಒಪ್ಪಿಗೆ ಎಂದುಕೊಂಡಳು. ಬಿಲ್ಡಿಂಗಿನಲ್ಲಿ ತಾನೇ ಹೇಳಿ ಅವನಲ್ಲಿಗೆ ಕಳಿಸಿದ್ದ ಶಾಮಣ್ಣನವರಿಗೂ ರಮಾಮಣಿಯವರಿಗೂ, ಇನ್ನು ಅಲ್ಲಿಗೆ ಹೋಗಬೇಡಿ ಅಂದಳು.

ಹೊಸ ಟರ್ಬೊ ಎಲ್ಲೂ ಸಿಗಲಿಲ್ಲ. ಸತ್ಯಮೂರ್ತಿಯೇ ಓಡಾಡಿ, ಕುರ್ಲಾದ ಒಬ್ಬನಿಂದ ಕೆಟ್ಟದ್ದನ್ನು ಕಿತ್ತುಹಾಕಿಸಿ, ಅದಿಲ್ಲದೆಯೇ ಓಡುವಂತೆ ಪೈಪುಗಳನ್ನು ಬಳಸು ಹಾದಿಯಲ್ಲಿ ಜೋಡಣೆ ಮಾಡಿಸಿದ. ಗಾಡಿ ಓಡಿತು, ಏದುಸಿರು ಬಿಡುತ್ತ. ಏರು ಬಂದರೆ ರಿಕ್ಷಾಗಳು ಮುಂದೆ ಹೋದವು.

ಆರೇಳು ತಿಂಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ ಸತ್ಯಮೂರ್ತಿಯ ಆಫೀಸಿನ ಗೆಳೆಯ ಭೀಮರಾಯ ತಿಂಡಿಗೆ ಬಂದಿದ್ದ. ಕೌಸಲ್ಯಾ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿ ಒಲೆ ಆರಿಸಿದ್ದಳಷ್ಟೆ. ಹೊರಗಿನ ಮಾತು ಸ್ಪಷ್ಟವಾಗಿ ಕೇಳಿಸಿತು.

"ಹುಚ್ಚು ಕುದುರೆ ಮಾರಾಯ ಅದು," ಗಂಡ ಹೇಳುತ್ತಿದ್ದ. "ಬೇಡ ಅಂದ್ರೆ ಇವಳು ಕೇಳ್ತಿದ್ದಳೇ? ಹೈವೇ ಮೇಲೆ ಜಗ್ಗಾಡಿಸಿ ತಂದು ಗೇಟಿನ ಹತ್ತಿರ ಟಕ್ ಅಂತ ಆಫ್ ಮಾಡಿಬಿಡ್ತಿದ್ದೆ. ಹೇಗೆ ಕೆಡುತ್ತೆ ಅಂತ ಆ ಮಿಸ್ತ್ರಿನೇ ಪಾಠ ಹೇಳಿಕೊಟ್ಟಿದ್ದನಲ್ಲ!" ಇಬ್ಬರೂ ನಕ್ಕರು.

ಅವಳು ಹೊರಗೆ ಬಂದಳು. "ಏನಂದ್ರಿ?"

ಭೀಮರಾಯ ಚಪ್ಪಲಿ ಹುಡುಕಿದ. ಸತ್ಯಮೂರ್ತಿ ಮಾತ್ರ ಗಾಬರಿಯಾಗಲಿಲ್ಲ. "ನಿನ್ನ ಒಳ್ಳೇದಕ್ಕೇ ಮಾಡಿದ್ದು, ಕೌಸಲ್ಯಾ. ಎಲ್ಲಾದರೂ ಗುದ್ದಿ ಸತ್ತಿದ್ದರೆ?"

"ಆ ಮನುಷ್ಯನನ್ನ ನಾನು ಕಳ್ಳ ಅಂದೆ."

"ನಾನು ಅನ್ನು ಅಂದೆನಾ?"

ಅವಳು ಸೀದಾ ಆಂಟಾಪ್ ಹಿಲ್‌ಗೆ ಹೋದಳು. ಗ್ಯಾರೇಜಿನ ಜಾಗದಲ್ಲಿ ಟೀವಿ ರಿಪೇರಿ ಅಂಗಡಿಯಿತ್ತು. ಕೇಳುತ್ತ ಹೋದಾಗ, ಬಸ್ ಸ್ಟಾಪಿನ ಪಕ್ಕದ ಫುಟ್‌ಪಾತಿನಲ್ಲಿ ಸಾಯಬಣ್ಣ ಸ್ಕೂಟರಿನ ಟ್ಯೂಬಿಗೆ ಪಂಕ್ಚರ್ ಹಾಕುತ್ತಿದ್ದ. ಲಕ್ಷ್ಮವ್ವ ಇವಳನ್ನು ಕಂಡು ಮುಖ ತಿರುಗಿಸಿದಳು. ಕೌಸಲ್ಯಾ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ತಪ್ಪಾಯಿತು ಎಂದು ಕೈ ಮುಗಿದಳು.

ಸಾಯಬಣ್ಣ ಟ್ಯೂಬಿನ ಮೇಲಿನ ತೇಪೆಯನ್ನು ಒತ್ತಿ ಕೂರಿಸಿದ.

"ನೀವು ಬೈದದ್ದು ದೊಡ್ಡದಲ್ಲ ಬಾಯಾರ. ಆದ್ರ ನಾ ನಿಮ್ಮ ಮಾತ ಖರೇ, ತಪ್ಪು ನಂದ ಅಂತ ತಿಳದೆ. ಎಣ್ಣಿ ಸಾಚಾ ಇತ್ತು. ಆದ್ರ ಪೆಟ್ರೋಲ್ ಟರ್ಬೊ ನನಗೂ ಹೊಸಾದು, ಜೋಡಸೂದ್ರಾಗ ಏನೋ ತಪ್ಪೇನಿ ಅಂದಕೊಂಡೆ. ಓದಿದಾಕಿ ಸುಳ್ಳು ಹೇಳ್ತಾಳೇನು? ಆಮ್ಯಾಲ ಎಂಜಿನ್ ಬಿಚ್ಚಲಿಕ್ಕೆ ಕೂತರ ಕೈ ನಡಗತಾವ. ಬಿಟ್ಟೆ."

"ಈಗ ಗೊತ್ತಾಯ್ತಲ್ಲ ಸಾಯಬಣ್ಣ, ನಿಮ್ಮ ತಪ್ಪಲ್ಲ. ಮತ್ತೆ ಶುರು ಮಾಡಿ."

"ನಿಮಗ ಗೊತ್ತಾತು. ಕೈಗೆ ಹ್ಯಾಂಗ ತಿಳಸೂದು?" ಎಂದು ಅವನು ಪಂಪು ಎಳೆದುಕೊಂಡ. ಲಕ್ಷ್ಮವ್ವ ಚಹಾ ಬೇಕೇ ಎಂದು ಕೇಳಲಿಲ್ಲ.

ಆ ಸಂಜೆ ಕೌಸಲ್ಯಾ ರಮಾಮಣಿಯವರ ಮನೆಗೂ ಶಾಮಣ್ಣನವರ ಮನೆಗೂ ಹೋಗಿ, ಗಂಡನ ಮಾನ ನೋಡದೆ ನಡೆದದ್ದನ್ನು ಹೇಳಿದಳು. "ಅಯ್ಯೋ ಪಾಪ," ಅಂದರು ರಮಾಮಣಿ, "ಆದರೆ ನಮಗೀಗ ಸ್ಟೇಷನ್ ಹತ್ತಿರವೇ ಒಬ್ಬ ಸಿಕ್ಕಿದಾನಮ್ಮ." ಶಾಮಣ್ಣನವರು ಮೀಸೆಯಲ್ಲೇ ನಕ್ಕರು.

ಎರಡು ದಿನ ಬಿಟ್ಟು ಸತ್ಯಮೂರ್ತಿ ಗೆಲುವಾಗಿ ಊಟಕ್ಕೆ ಕೂತ. "ಶಾಮಣ್ಣ ಲಿಫ್ಟಿನಲ್ಲಿ ಸಿಕ್ಕಿದ್ದರು. ಎಲ್ಲ ಗಂಡಂದಿರಿಗೂ ನಿಮ್ಮ ಹಾಗೆ ಉಪಾಯ ಬರೋದಿಲ್ಲ ಮೂರ್ತಿಗಳೇ, ಅಂತ ಬೆನ್ನು ತಟ್ಟಿದರು. ನೀನೇ ಹೇಳಿದೆಯಂತೆ?"

ಕೌಸಲ್ಯಾ ಅವನ ತಟ್ಟೆಗೆ ಸಾರು ಬಡಿಸಿದಳು. "ಗಾಡಿ ಇನ್ನು ನೀವೇ ಇಟ್ಟುಕೊಳ್ಳಿ" ಎಂದಳು.

ಅಂತೂ ಹೆಂಡತಿಗೆ ಬುದ್ಧಿ ಬಂತೆಂದು ಅವನು ತಿಳಿದುಕೊಂಡ. ಅವಳು ಅದನ್ನು ತಿದ್ದಲು ಹೋಗಲಿಲ್ಲ.